ತಿದ್ದಬಹುದಾದ್ದು, ತಿದ್ದಬಾರದ್ದು

ನಾಳೆ ಏನಾಗುತ್ತದೆಂದು ಗೊತ್ತಿಲ್ಲದೆ ಇವತ್ತು ಮಾತು ಕೊಡುವುದು ಮನುಷ್ಯರು ಮಾಡುವ ವಿಚಿತ್ರ ಕೆಲಸಗಳಲ್ಲಿ ಒಂದು. ಸಾಲ, ಮದುವೆ, ಗೆಳೆತನ, ಗುತ್ತಿಗೆ ಎಲ್ಲದರಲ್ಲೂ ಇದು ಇದೆ. ಕೊಟ್ಟ ಮಾತಿಗೆ ಅಂಟಿಕೊಂಡೇ ಕೂತರೆ ಬದಲಾದ ಕಾಲ ಕಣ್ಣಿಗೆ ಬೀಳುವುದಿಲ್ಲ. ಕಾಲಕ್ಕೆ ತಕ್ಕಂತೆ ಮಾತು ತಿರುಗಿಸುತ್ತ ಹೋದರೆ ನಮ್ಮನ್ನು ನಂಬಿದವರು ನಡುನೀರಿನಲ್ಲಿ ಉಳಿಯುತ್ತಾರೆ. ಈ ಹಳೆಯ ಇಕ್ಕಟ್ಟನ್ನು ನಾನು ಕಳೆದ ಕೆಲವು ವರ್ಷಗಳಿಂದ ಒಂದು ಅನಿರೀಕ್ಷಿತ ಜಾಗದಲ್ಲಿ ಓದುತ್ತಿದ್ದೇನೆ: ಸಾಫ್ಟ್‌ವೇರ್ ಯೋಜನೆಗಳನ್ನು ನಡೆಸುವ ಬಗೆಯಲ್ಲಿ.

ನನ್ನ ಪಿಎಚ್‌ಡಿ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಅಜೈಲ್ ಪದ್ಧತಿಯನ್ನೂ ಫಾರ್ಮಲ್ ವಿಧಾನಗಳನ್ನೂ ಒಂದೇ ಯೋಜನೆಯೊಳಗೆ ಹೇಗೆ ಕೂಡಿಸಬಹುದು ಎಂಬುದು. ಇದನ್ನು ಕೇಳಿದರೆ ಸಾಹಿತ್ಯದ ಗೆಳೆಯರು ಮಾತು ಬದಲಿಸುತ್ತಾರೆ, ಕಂಪನಿಗಳಲ್ಲಿರುವ ಗೆಳೆಯರು ನಗುತ್ತಾರೆ. ಇಬ್ಬರಿಗೂ ಒಟ್ಟಿಗೆ ಹೇಳಬೇಕಾದ್ದೊಂದು ಇದರಲ್ಲಿದೆ ಅನ್ನಿಸುತ್ತಿರುವುದರಿಂದ ಈ ಬರಹ.

ಬೆಂಗಳೂರಿನಲ್ಲಿ, ಅಥವಾ ಬೆಂಗಳೂರಿಗೆ ಮಕ್ಕಳನ್ನು ಕಳಿಸಿದ ಯಾವುದೇ ಊರಿನಲ್ಲಿ ಇರುವವರಿಗೆ ಅಜೈಲ್, ಸ್ಪ್ರಿಂಟ್, ಸ್ಟ್ಯಾಂಡ್‌ಅಪ್ ಎಂಬ ಪದಗಳು ಕಿವಿಗೆ ಬಿದ್ದೇ ಇರುತ್ತವೆ. ಇವು ಜನಪ್ರಿಯವಾದದ್ದು 2001ರ ಫೆಬ್ರವರಿಯ ನಂತರ. ಆ ತಿಂಗಳು ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. ಅದರಲ್ಲಿದ್ದದ್ದು ನಾಲ್ಕು ಆದ್ಯತೆಗಳು. ಪ್ರಕ್ರಿಯೆ ಮತ್ತು ಸಲಕರಣೆಗಳಿಗಿಂತ ಮನುಷ್ಯರು ಮೇಲು, ದಪ್ಪ ದಾಖಲೆಗಳಿಗಿಂತ ಓಡುವ ಸಾಫ್ಟ್‌ವೇರ್ ಮೇಲು, ಕರಾರಿನ ಚೌಕಾಸಿಗಿಂತ ಗ್ರಾಹಕನ ಜೊತೆಗಿನ ಒಡನಾಟ ಮೇಲು, ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಓಗೊಡುವುದು ಮೇಲು. ಹಿಂದಕ್ಕೆ ಸರಿಸಿದ ಸಂಗತಿಗಳಿಗೂ ಬೆಲೆಯಿದೆ ಎಂದು ಅವರೇ ಸೇರಿಸಿದ್ದರು. ಆ ಮಾತನ್ನು ಮಾತ್ರ ಹೆಚ್ಚಿನವರು ಮರೆತರು.

ಈ ಪ್ರಣಾಳಿಕೆಯ ಹಿಂದೆ ಒಂದು ಸಿಟ್ಟು ಇತ್ತು. ಅದಕ್ಕೂ ಮುಂಚಿನ ಪದ್ಧತಿಯಲ್ಲಿ ಏನು ಬೇಕೆಂದು ತಿಂಗಳುಗಟ್ಟಲೆ ಬರೆದು, ಸಹಿ ಹಾಕಿಸಿಕೊಂಡು, ವರ್ಷಗಳ ನಂತರ ತಂದುಕೊಟ್ಟರೆ ಅದು ಯಾರಿಗೂ ಬೇಕಾದ್ದಾಗಿರುತ್ತಿರಲಿಲ್ಲ. ದೂರಿದರೆ 'ನೀವೇ ಸಹಿ ಹಾಕಿದ್ದೀರಲ್ಲ' ಎಂಬ ಉತ್ತರ ಸಿದ್ಧವಿರುತ್ತಿತ್ತು. ಕಾಗದ ಗುರಾಣಿಯಾಗಿತ್ತು. ಅಜೈಲ್ ಆ ಗುರಾಣಿಯನ್ನು ಕೆಳಗಿಡಿ ಎಂದಿತು. ನಿಮಗೆ ಬೇಕಾದ್ದು ನಿಮಗೇ ಪೂರ್ತಿ ಗೊತ್ತಿಲ್ಲ, ನನಗೂ ಗೊತ್ತಿಲ್ಲ; ಎರಡು ವಾರಕ್ಕೊಮ್ಮೆ ಮಾಡಿದ್ದನ್ನು ತೋರಿಸುತ್ತೇನೆ, ನೋಡಿ ಹೇಳಿ, ತಿದ್ದುತ್ತೇನೆ. ಇವತ್ತು ಅದು ಎಷ್ಟೋ ಕಡೆ ದಿನಕ್ಕೊಮ್ಮೆ ನೌಕರರ ಹಾಜರಿ ತೆಗೆಯುವ ಉಪಾಯವಾಗಿ ಸೊರಗಿದೆ, ನಿಜ. ಆದರೂ ಅದರ ಮೂಲದಲ್ಲಿ ಇರುವುದು ವಿನಯ. ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡು ಕೆಲಸ ಶುರು ಮಾಡುವ ಧೈರ್ಯ.

ಫಾರ್ಮಲ್ ವಿಧಾನಗಳ ವಿಷಯಕ್ಕೆ ಬಂದರೆ ಹೆಸರಿನಲ್ಲೇ ತೊಡಕು. 'ಔಪಚಾರಿಕ ವಿಧಾನ' ಎಂದು ಅನುವಾದಿಸಿದರೆ ಅರ್ಥ ತಿರುವುಮುರುವಾಗುತ್ತದೆ. ಔಪಚಾರಿಕವಾಗಿ ಕರೆದರು ಎಂದರೆ ನಮಗೆ ಕಾಟಾಚಾರಕ್ಕೆ ಕರೆದರು ಎಂದೇ ಅರ್ಥ. ಇಲ್ಲಿರುವುದು ಅದಕ್ಕೆ ಪೂರಾ ವಿರುದ್ಧ. ಒಂದು ಪ್ರೋಗ್ರಾಮ್ ಏನು ಮಾಡಬೇಕು, ಏನನ್ನು ಎಂದಿಗೂ ಮಾಡಬಾರದು ಎಂಬುದನ್ನು ಗಣಿತದ ಭಾಷೆಯಲ್ಲಿ ಎರಡರ್ಥಕ್ಕೆ ಎಡೆಯಿಲ್ಲದಂತೆ ಬರೆದು, ಅದು ಹಾಗೆಯೇ ನಡೆಯುತ್ತದೆಂದು ಪ್ರಮೇಯದಂತೆ ಸಾಧಿಸಿ ತೋರಿಸುವುದು. ಟೋನಿ ಹೋರ್ 1969ರಲ್ಲಿ ಇದಕ್ಕೊಂದು ತರ್ಕವನ್ನೇ ಕಟ್ಟಿಕೊಟ್ಟರು. ಅದೇ ಕಾಲದಲ್ಲಿ ಎಡ್ಸ್ಗರ್ ಡೈಕ್ಸ್ಟ್ರಾ ಹೇಳುತ್ತಿದ್ದ ಮಾತಿನ ತಾತ್ಪರ್ಯ ಹೀಗಿದೆ: ಪರೀಕ್ಷೆಯಿಂದ ದೋಷ ಇದೆ ಎಂದು ತೋರಿಸಬಹುದು, ಇಲ್ಲವೆಂದು ತೋರಿಸಲಾಗದು. ಸಾವಿರ ಸಲ ದಾಟಿದ ಸೇತುವೆ ಸಾವಿರದ ಒಂದನೆಯ ಸಲ ಕುಸಿಯುವುದಿಲ್ಲ ಎಂಬುದಕ್ಕೆ ಸಾವಿರ ಸಲದ ದಾಟುವಿಕೆ ಸಾಕ್ಷಿಯಲ್ಲ.

ಈ ಎರಡು ಬಣಗಳಿಗೆ ಬಹುಕಾಲ ಆಗಿಬಂದಿಲ್ಲ. ಅಜೈಲಿನವರ ಕಣ್ಣಿಗೆ ಫಾರ್ಮಲ್ ಮಂದಿ ಮನೆ ಕಟ್ಟುವ ಮೊದಲು ಇಟ್ಟಿಗೆಯ ವ್ಯಾಕರಣ ಬರೆಯುವವರು. ಫಾರ್ಮಲ್ ಮಂದಿಯ ಕಣ್ಣಿಗೆ ಅಜೈಲಿನವರು ಅಡಿಪಾಯವನ್ನು ಮುಂದಿನ ವಾರಕ್ಕೆ ಮುಂದೂಡುವವರು. ನನಗೆ ಅನ್ನಿಸುವುದು, ಇದು ಎರಡು ತಂತ್ರಗಳ ಜಗಳ ಎನ್ನುವುದಕ್ಕಿಂತ ಎರಡು ಭಯಗಳ ಜಗಳ. ಒಬ್ಬರಿಗೆ ತಪ್ಪಾದದ್ದನ್ನು ಕಟ್ಟಿಬಿಡುವ ಭಯ, ಇನ್ನೊಬ್ಬರಿಗೆ ಬೇಡವಾದದ್ದನ್ನು ಕಟ್ಟಿಬಿಡುವ ಭಯ. ಎರಡೂ ಭಯಗಳು ನ್ಯಾಯವಾದವೇ. ಇದು ತಿಳಿಯಲು ಎರಡು ಘಟನೆಗಳನ್ನು ನೋಡಬೇಕು.

ಮೊದಲನೆಯದು ಥೆರಾಕ್-25. ಕೆನಡಾದಲ್ಲಿ ತಯಾರಾದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಕನಿಷ್ಠ ಆರು ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಆ ಯಂತ್ರ ಎರಡು ಬಗೆಯ ಚಿಕಿತ್ಸೆ ಕೊಡುತ್ತಿತ್ತು. ಎಕ್ಸ್-ರೇ ಬಗೆಯಲ್ಲಿ ಎಲೆಕ್ಟ್ರಾನ್ ಕಿರಣ ಬಹಳ ತೀವ್ರವಾಗಿರುತ್ತದೆ, ಅದರ ದಾರಿಗೆ ಅಡ್ಡವಾಗಿ ಲೋಹದ ಟಾರ್ಗೆಟ್ ಬಂದು ನಿಲ್ಲಬೇಕು. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿ ಇದನ್ನು ಕಾಯಲು ಪ್ರತ್ಯೇಕ ಯಂತ್ರಾಂಶದ ತಡೆಗಳಿದ್ದವು. ಹೊಸ ಮಾದರಿಯಲ್ಲಿ ಆ ತಡೆಗಳನ್ನು ತೆಗೆದು ಹೊಣೆಯನ್ನು ಸಾಫ್ಟ್‌ವೇರಿಗೆ ವಹಿಸಲಾಯಿತು. ಟೆಕ್ಸಾಸಿನ ಆಸ್ಪತ್ರೆಯೊಂದರಲ್ಲಿ ಯಂತ್ರ ನಡೆಸುವವರು ತಪ್ಪಾಗಿ ಒಂದು ಅಕ್ಷರ ಒತ್ತಿ, ತಕ್ಷಣ ಸರಿಪಡಿಸಿದರು. ಆಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು ಎಂಟು ಸೆಕೆಂಡು ಬೇಕಿತ್ತು. ತಿದ್ದುಪಡಿ ಆ ಎಂಟು ಸೆಕೆಂಡಿನೊಳಗೆ ಮುಗಿದರೆ ಸಾಫ್ಟ್‌ವೇರಿನ ಒಂದು ಭಾಗಕ್ಕೆ ಅದು ತಿಳಿಯುತ್ತಲೇ ಇರಲಿಲ್ಲ. ಪರದೆ ಒಂದು ಹೇಳಿತು, ಯಂತ್ರ ಇನ್ನೊಂದು ಮಾಡಿತು. ಕೆಲಸ ಕಲಿತು ಕೈ ಚುರುಕಾದಷ್ಟೂ ಅಪಾಯ ಹೆಚ್ಚಾಗುವ ಯಂತ್ರ ಅದು. ನಿಧಾನವಾಗಿ ಒತ್ತುವವರು ಎಷ್ಟು ಪರೀಕ್ಷಿಸಿದ್ದರೂ ದೋಷ ಸಿಗುತ್ತಿರಲಿಲ್ಲ.

ಇಲ್ಲಿ ಬೇಕಿದ್ದದ್ದು ಒಂದೇ ವಾಕ್ಯ: ಕಿರಣ ತೀವ್ರವಾಗಿರುವಾಗ ಟಾರ್ಗೆಟ್ ಅದರ ದಾರಿಯಲ್ಲಿ ಇರಲೇಬೇಕು. ಯಾವ ಕೀಲಿ ಒತ್ತಿದರೂ, ಯಾವ ವೇಗದಲ್ಲಿ ಒತ್ತಿದರೂ. ಫಾರ್ಮಲ್ ಭಾಷೆಯಲ್ಲಿ ಇಂಥ ವಾಕ್ಯವನ್ನು ಇನ್‌ವೇರಿಯಂಟ್ ಎನ್ನುತ್ತಾರೆ. ನಾನು ಅದನ್ನು ಅಚಲ ಎಂದು ಕರೆಯುತ್ತೇನೆ. ಉಳಿದೆಲ್ಲ ಬದಲಾದರೂ ಇದು ಬದಲಾಗಬಾರದು. ಆ ವಾಕ್ಯವನ್ನು ಬರೆದು ಪ್ರೋಗ್ರಾಮಿನ ಮುಂದೆ ಇಟ್ಟು ಪ್ರಮಾಣ ಕೇಳಿದ್ದರೆ ಎಂಟು ಸೆಕೆಂಡಿನ ಬಿರುಕು ಹೊರಬೀಳುವ ಸಾಧ್ಯತೆ ಬಹಳವಿತ್ತು.

ಎರಡನೆಯ ಘಟನೆ ಇದರ ತಿರುಗುಮುಖ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ 40 ಸೆಕೆಂಡುಗಳ ಆಸುಪಾಸಿನಲ್ಲಿ ಸಿಡಿದುಹೋಯಿತು. ದಿಕ್ಕು ಅಳೆಯುವ ಸಾಫ್ಟ್‌ವೇರಿನ ಒಂದು ಭಾಗವನ್ನು ಏರಿಯಾನ್-4ರಿಂದ ಹಾಗೆಯೇ ತಂದಿದ್ದರು. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೆಟ್ಟಿಗೆಗೆ ತುಂಬುವಾಗ ಅದು ಹಿಡಿಸಲಿಲ್ಲ. ಹಳೆಯ ರಾಕೆಟ್ಟಿನಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುವ ಸಂಭವವಿಲ್ಲ ಎಂದು ಲೆಕ್ಕ ಹಾಕಿಯೇ ಅಲ್ಲಿ ರಕ್ಷಣೆ ಇಟ್ಟಿರಲಿಲ್ಲ. ಆ ಲೆಕ್ಕ ಏರಿಯಾನ್-4ಕ್ಕೆ ಸರಿಯಾಗಿತ್ತು. ಹೊಸ ರಾಕೆಟ್ ಬೇರೆ ಪಥದಲ್ಲಿ, ಹೆಚ್ಚು ವೇಗದಲ್ಲಿ ಏರಿತು. ಒಂದು ಲೋಕಕ್ಕೆ ಸತ್ಯವಾಗಿದ್ದ ಮಾತನ್ನು ಇನ್ನೊಂದು ಲೋಕಕ್ಕೆ ಒಯ್ದಾಗ, ಊಹೆಗಳೂ ಜೊತೆಗೆ ಬಂದಿವೆಯೆಂದು ಯಾರೂ ಮತ್ತೆ ಕೇಳಲಿಲ್ಲ. ಪ್ರಮಾಣ ಎಂಬುದು ಯಾವಾಗಲೂ 'ಇಂತಿಂಥದ್ದು ನಿಜವಾಗಿದ್ದರೆ' ಎಂದೇ ಶುರುವಾಗುತ್ತದೆ. ಆ 'ದ್ದರೆ' ಇನ್ನೂ ನಿಜವೇ ಎಂದು ಪದೇಪದೇ ಹೊರಗೆ ಹೋಗಿ ನೋಡಿಬರುವುದು ಪ್ರಮಾಣದ ಕೆಲಸವಲ್ಲ. ಅದಕ್ಕೆ ಅಜೈಲಿನ ಕಿವಿ ಬೇಕು.

ಹಾಗಾಗಿ ಎರಡನ್ನೂ ಕೂಡಿಸಬೇಕು ಎಂಬುದು ಸುಲಭದ ತೀರ್ಮಾನ. ಹೇಗೆ ಎಂಬುದು ಸುಲಭವಲ್ಲ, ಏಕೆಂದರೆ ಪ್ರಮಾಣ ದುಬಾರಿ. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಎಸ್‌ಇಎಲ್4 ಎಂಬ ಆಪರೇಟಿಂಗ್ ಸಿಸ್ಟಮ್ ತಿರುಳು ಸರಿಯೆಂದು ಸಾಧಿಸಿ ತೋರಿಸಿದರು. ಸಿ ಭಾಷೆಯ ಸುಮಾರು 8,700 ಸಾಲುಗಳಿಗೆ ಸುಮಾರು 2 ಲಕ್ಷ ಸಾಲುಗಳ ಪ್ರಮಾಣ. ಒಬ್ಬರೇ ಕೂತು ಮಾಡಿದ್ದರೆ 20 ವರ್ಷ ಹಿಡಿಯುವಷ್ಟು ದುಡಿಮೆ. ಎರಡು ವಾರಕ್ಕೊಮ್ಮೆ ಬದಲಾಗುವ ಸಾಫ್ಟ್‌ವೇರಿಗೆ ಪೂರ್ತಿ ಹೀಗೆ ಮಾಡಲು ಯಾರಿಂದಲೂ ಆಗದು. ಮಾಡುವ ಅಗತ್ಯವೂ ಇಲ್ಲ.

ಪ್ಯಾರಿಸ್ ಮೆಟ್ರೋದ 14ನೇ ಮಾರ್ಗ 1998ರಲ್ಲಿ ಶುರುವಾದಾಗ ಅದರ ರೈಲುಗಳಿಗೆ ಚಾಲಕರಿರಲಿಲ್ಲ. ರೈಲುಗಳು ಡಿಕ್ಕಿಯಾಗದಂತೆ, ಬಾಗಿಲು ತೆರೆದಿರುವಾಗ ಹೊರಡದಂತೆ ಕಾಯುವ ಭಾಗವನ್ನು ಬಿ-ಮೆಥಡ್ ಎಂಬ ಫಾರ್ಮಲ್ ವಿಧಾನದಲ್ಲಿ ಬರೆದು ಸಾಧಿಸಿದ್ದರು. ಅದರಿಂದ ಹೊರಟ ಪ್ರೋಗ್ರಾಮ್ ಸುಮಾರು 86 ಸಾವಿರ ಸಾಲುಗಳದ್ದು. ಜೀವಕ್ಕೆ ಸಂಬಂಧಿಸಿದ ಅಷ್ಟು ಭಾಗಕ್ಕೆ ಮಾತ್ರ ಪ್ರಮಾಣ. ಉಳಿದದ್ದಕ್ಕೆ ಮಾಮೂಲಿ ವಿಧಾನ. ಇನ್ನೊಂದು ದಾರಿ ಅಮೆಜಾನಿನದು. 2011ರಿಂದ ಅಲ್ಲಿನ ಎಂಜಿನಿಯರುಗಳು ಲೆಸ್ಲಿ ಲ್ಯಾಂಪೋರ್ಟ್ ರೂಪಿಸಿದ ಟಿಎಲ್‌ಎ-ಪ್ಲಸ್ ಭಾಷೆಯಲ್ಲಿ ತಮ್ಮ ವಿನ್ಯಾಸಗಳ ಪುಟ್ಟ ಮಾದರಿ ಬರೆದು, ಕೆಟ್ಟದ್ದೇನಾದರೂ ಆಗಬಹುದೇ ಎಂದು ಕಂಪ್ಯೂಟರಿನಿಂದಲೇ ಹುಡುಕಿಸತೊಡಗಿದರು. ಡೈನಮೋ-ಡಿಬಿ ಎಂಬ ಅವರ ದತ್ತಾಂಶ ವ್ಯವಸ್ಥೆಯಲ್ಲಿ ಹೀಗೆ ಸಿಕ್ಕ ಒಂದು ದೋಷ ಕಾಣಿಸಿಕೊಳ್ಳಬೇಕಾದರೆ 35 ಹೆಜ್ಜೆಗಳು ಒಂದು ನಿರ್ದಿಷ್ಟ ಸರದಿಯಲ್ಲೇ ಬೀಳಬೇಕಿತ್ತು. ಪರಿಶೀಲನೆ, ಪರೀಕ್ಷೆ ಎಲ್ಲವನ್ನೂ ದಾಟಿ ಅದು ಅವಿತಿತ್ತು. ಭಾಷೆ ಕಲಿತು ಉಪಯೋಗ ಪಡೆಯಲು ಎರಡು ಮೂರು ವಾರ ಸಾಕಾಯಿತೆಂದು ಅವರೇ 2015ರಲ್ಲಿ ಬರೆದಿದ್ದಾರೆ. ಅಂದರೆ ಒಂದು ಸ್ಪ್ರಿಂಟಿಗಿಂತ ಸ್ವಲ್ಪ ಹೆಚ್ಚು.

ಈ ಉದಾಹರಣೆಗಳಿಂದ ಕೂಡಿಕೆಯ ಸೂತ್ರ ಸಿಗುತ್ತದೆ. ಅಚಲಗಳನ್ನು ಕಡಿಮೆ ಇಡಿ, ಆದರೆ ಬರೆದಿಡಿ. ಪ್ರತಿ ಬದಲಾವಣೆಯ ನಂತರ ಅವು ಉಳಿದಿವೆಯೇ ಎಂದು ಯಂತ್ರದಿಂದಲೇ ಪರೀಕ್ಷಿಸಿ. ಉಳಿದದ್ದನ್ನು ಧಾರಾಳವಾಗಿ ತಿದ್ದಿ. ಬೇಲಿ ಗಟ್ಟಿಯಾಗಿದ್ದರೆ ಹೊಲದೊಳಗೆ ಏನು ಬೇಕಾದರೂ ಬೆಳೆದು ನೋಡಬಹುದು. ನನ್ನ ಪ್ರಬಂಧದ ಅರ್ಧಭಾಗ ಈ ಸೂತ್ರದ ತಾಂತ್ರಿಕ ವಿವರ. ಅದರ ಹೊರಗುಳಿದ ಒಂದು ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿರುವುದು: ಬೇಲಿ ಎಲ್ಲಿ ಹಾಕಬೇಕೆಂದು ಹೇಳುವವರು ಯಾರು?

ಅಜೈಲಿನ ಉತ್ತರ, ಗ್ರಾಹಕ. ಆದರೆ ಥೆರಾಕ್ ಯಂತ್ರದ ಗ್ರಾಹಕ ಆಸ್ಪತ್ರೆ. ಸುಟ್ಟದ್ದು ರೋಗಿಯ ಮೈ. ಸಾಫ್ಟ್‌ವೇರ್ ಕೊಳ್ಳುವವರೂ ಅದರ ಪೆಟ್ಟು ತಿನ್ನುವವರೂ ಬಹುಪಾಲು ಬೇರೆಬೇರೆ. ಎರಡು ವಾರಕ್ಕೊಮ್ಮೆ ನಡೆಯುವ ಪ್ರದರ್ಶನದ ಕೋಣೆಯಲ್ಲಿ ಪೆಟ್ಟು ತಿನ್ನುವವರಿಗೆ ಕುರ್ಚಿ ಇರುವುದಿಲ್ಲ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ನಮ್ಮೂರಿನ ಪಡಿತರದ ಸಾಲಿನಿಂದ. ಅಜ್ಜಿ ಐವತ್ತು ವರ್ಷ ಗದ್ದೆ ಕೆಲಸ ಮಾಡಿದವಳು. ಬೆರಳ ತುದಿಯ ಗೆರೆಗಳು ಸವೆದುಹೋಗಿವೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ, ಬೇರೆ ಬೆರಳು ಇಟ್ಟರೂ ಕೆಂಪು ದೀಪ. ಮೊಬೈಲಿಗೆ ಒಟಿಪಿ ಬರಿಸುವ ಬದಲಿ ದಾರಿ ಇದೆ, ಆದರೆ ಕಾರ್ಡಿಗೆ ಜೋಡಿಸಿದ ಮೊಬೈಲು ಬೆಂಗಳೂರಿನಲ್ಲಿ ಮಾವನ ಜೇಬಿನಲ್ಲಿದೆ, ಮಾವ ಪಾಳಿಯಲ್ಲಿದ್ದಾನೆ. 'ನಾಳೆ ಬನ್ನಿ' ಎಂದರು. ಅಂಗಡಿಯವರು ಒಳ್ಳೆಯವರೇ, ಯಂತ್ರವನ್ನು ಮೀರಲು ಅವರ ಕೈಯಲ್ಲಿಲ್ಲ. ಅಜ್ಜಿ ಚೀಲ ಮಡಚಿಕೊಂಡು, ತಪ್ಪು ತನ್ನ ಬೆರಳಿನದೇ ಎಂಬಂತೆ ಅದನ್ನು ಸೆರಗಿಗೆ ಉಜ್ಜುತ್ತ ನಡೆದಳು.

ಆ ಸಾಫ್ಟ್‌ವೇರಿನಲ್ಲಿ ದೋಷ ಇರಲಿಲ್ಲ ಎಂಬುದನ್ನು ಗಮನಿಸಬೇಕು. 'ಗುರುತು ಹೊಂದದೆ ಧಾನ್ಯ ಹೊರಗೆ ಹೋಗಬಾರದು' ಎಂಬುದು ಅದರ ಅಚಲ. ಅದನ್ನು ಗಣಿತದಲ್ಲಿ ಬರೆದು ಸಾಧಿಸಬಹುದು. ಪ್ರಮಾಣ ಸೊಗಸಾಗಿಯೇ ಬರುತ್ತದೆ. 'ಹಕ್ಕುಳ್ಳವರು ಬರಿಗೈಯಲ್ಲಿ ಮರಳಬಾರದು' ಎಂಬ ಇನ್ನೊಂದು ವಾಕ್ಯವಿದೆ. ಅದನ್ನು ಮೊದಲನೆಯದರಷ್ಟೇ ಗಟ್ಟಿಯಾಗಿ ಬರೆದಿರಲಿಲ್ಲ. ಎರಡನ್ನೂ ಒಟ್ಟಿಗೆ ಬರೆದಿದ್ದರೆ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಬೆರಳು ಸವೆದವರ ಸಂದರ್ಭದಲ್ಲಿ ಎರಡೂ ಒಟ್ಟಿಗೆ ನಿಲ್ಲಲಾರವು ಎಂದು ಕಂಪ್ಯೂಟರೇ ಎತ್ತಿ ತೋರಿಸುತ್ತಿತ್ತು. ಆಗ ಯಾರಾದರೂ ಕೂತು ತೀರ್ಮಾನಿಸಬೇಕಾಗುತ್ತಿತ್ತು: ಕಳ್ಳನೊಬ್ಬ ಧಾನ್ಯ ಒಯ್ಯುವುದು ಹೆಚ್ಚು ಕೆಟ್ಟದ್ದೋ, ಮುದುಕಿಯೊಬ್ಬಳು ಉಪವಾಸ ಮಲಗುವುದೋ? ಬರೆಯದೆ ಬಿಟ್ಟಿದ್ದರಿಂದ ಆ ತೀರ್ಮಾನ ಯಾರೂ ತೆಗೆದುಕೊಳ್ಳದೆಯೇ ಜಾರಿಯಾಯಿತು.

ಫಾರ್ಮಲ್ ವಿಧಾನದ ನಿಜವಾದ ನೈತಿಕ ಲಾಭ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಅದು ನಮ್ಮನ್ನು ತಪ್ಪಿನಿಂದ ಪಾರು ಮಾಡುತ್ತದೆ ಎಂಬುದಕ್ಕಿಂತ, ನಾವು ಯಾರ ಪರವಾಗಿ ಏನನ್ನು ಆಯ್ದುಕೊಂಡೆವು ಎಂಬುದನ್ನು ಬಾಯಿಬಿಟ್ಟು ಹೇಳಿಸುತ್ತದೆ. ಹಾಗೆಯೇ ಅಜೈಲಿನ ನೈತಿಕ ಲಾಭ ವೇಗವಲ್ಲ. ಆಡಿದ ಮಾತು ತಪ್ಪೆಂದು ತಿಳಿದಾಗ ಅದನ್ನು ಹಿಂತೆಗೆದುಕೊಳ್ಳಲು ಅದು ತೆರೆದಿಡುವ ಬಾಗಿಲು.

ಇದಕ್ಕೆ ಆಕ್ಷೇಪಗಳಿವೆ. ಕಂಪನಿಯಲ್ಲಿರುವ ಗೆಳೆಯನೊಬ್ಬ ಹೇಳುವುದು ಇಷ್ಟು: 'ಅಚಲ ಬರೆಯುವುದಕ್ಕೆ ಪುರುಸೊತ್ತು ಎಲ್ಲಿದೆ ಮಾರಾಯ, ಶುಕ್ರವಾರ ರಿಲೀಸ್ ಇದೆ.' ಅವನ ಕಷ್ಟ ಸುಳ್ಳಲ್ಲ. ಊಟ ತರಿಸುವ ಆ್ಯಪಿನ ಬಟನ್ನಿನ ಬಣ್ಣಕ್ಕೆ ಪ್ರಮಾಣ ಬೇಡ. ಆದರೆ ಅದೇ ಆ್ಯಪಿನಲ್ಲಿ ಡೆಲಿವರಿ ಹುಡುಗನ ದುಡಿಮೆಯ ಲೆಕ್ಕ ಇದೆಯಲ್ಲ, ಅದು ಬಟನ್ನಿನ ಬಣ್ಣದಷ್ಟೇ ಸಲೀಸಾಗಿ ಪ್ರತಿ ಶುಕ್ರವಾರ ಬದಲಾಗಬಹುದೇ? ಯಾವುದು ಬಣ್ಣ, ಯಾವುದು ಅನ್ನ ಎಂದು ಬೇರ್ಪಡಿಸಲು ಎರಡು ವಾರ ಬೇಕಿಲ್ಲ, ಒಂದು ಮಧ್ಯಾಹ್ನ ಸಾಕು. ಪುರುಸೊತ್ತಿಲ್ಲ ಎಂಬ ಮಾತಿನ ಹಿಂದೆ ಕೆಲವೊಮ್ಮೆ ಆ ಮಧ್ಯಾಹ್ನದ ಚರ್ಚೆಯ ಭಯ ಇರುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪ ತತ್ತ್ವಶಾಸ್ತ್ರದ ಕಡೆಯಿಂದ ಬಂದದ್ದು. 1979ರಲ್ಲಿ ಡಿಮಿಲ್ಲೋ, ಲಿಪ್ಟನ್ ಮತ್ತು ಪರ್ಲಿಸ್ ಎಂಬ ಮೂವರು, ಗಣಿತದ ಪ್ರಮಾಣವನ್ನು ನಾವು ನಂಬುವುದು ಅನೇಕರು ಓದಿ, ಚರ್ಚಿಸಿ, ಬಳಸಿ ಒಪ್ಪಿಕೊಂಡಿರುವುದರಿಂದ. ಯಾರೂ ಓದದ ಸಾವಿರಾರು ಸಾಲಿನ ಯಾಂತ್ರಿಕ ಪ್ರಮಾಣಕ್ಕೆ ಆ ಸಾಮಾಜಿಕ ಜೀವನ ಇಲ್ಲ ಎಂದು ವಾದಿಸಿದರು. 1988ರಲ್ಲಿ ಜೇಮ್ಸ್ ಫೆಟ್ಸರ್ ಮುಂದೆ ಹೋಗಿ, ಪ್ರೋಗ್ರಾಮ್ ಓಡುವುದು ಭೌತಿಕ ಯಂತ್ರದ ಮೇಲೆ, ಭೌತಿಕ ಲೋಕದ ಬಗ್ಗೆ ಗಣಿತದ ಖಾತ್ರಿ ಸಾಧ್ಯವೇ ಇಲ್ಲ ಎಂದರು. ಇಬ್ಬರ ವಾದವನ್ನೂ ನಾನು ಬಹುಮಟ್ಟಿಗೆ ಒಪ್ಪುತ್ತೇನೆ. 'ಸಾಧಿತವಾಗಿದೆ' ಎಂಬ ಮುದ್ರೆ ಬಿದ್ದ ಕೂಡಲೇ ಅದು ಹೊಸ ಗುರಾಣಿಯಾಗುವ ಅಪಾಯವಿದೆ. ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಲೆಕ್ಕಪತ್ರ ವ್ಯವಸ್ಥೆಯನ್ನು ಯಾರೂ ಹೀಗೆ ಸಾಧಿಸಿರಲಿಲ್ಲ. ಕಂಪ್ಯೂಟರ್ ತಪ್ಪು ಹೇಳದು ಎಂಬ ನಂಬಿಕೆ ಒಂದೇ ಸಾಕಾಯಿತು. ಅದು ತೋರಿಸಿದ ಕೊರತೆಗಳನ್ನು ನಂಬಿ 1999ರಿಂದ ಮುಂದೆ 900ಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಗಳವರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ. ಬರಿಯ ನಂಬಿಕೆಗೇ ಇಷ್ಟು ಬಲವಿದ್ದರೆ, ಪ್ರಮಾಣದ ಮುದ್ರೆಗೆ ಎಷ್ಟಿರಬಹುದು?

ಅದಕ್ಕಾಗಿಯೇ ಎರಡನ್ನೂ ಬಿಡಲಾಗದು. ಅಚಲವನ್ನು ಯಾರೋ ನಾಲ್ವರು ತಜ್ಞರು ಒಮ್ಮೆ ಬರೆದು ಬೀಗ ಹಾಕಿದರೆ ಅದು ಶಾಸನವಾಗುತ್ತದೆ. ಅದನ್ನು ಬಯಲಿನಲ್ಲಿ ಬರೆದು, ಪೆಟ್ಟು ತಿಂದವರು ಬಂದು 'ನಿಮ್ಮ ವಾಕ್ಯದಲ್ಲಿ ನಾನಿಲ್ಲ' ಎನ್ನಲು ದಾರಿ ಇಟ್ಟರೆ ಅದು ಒಪ್ಪಂದವಾಗುತ್ತದೆ. ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಒಂದು ವಿಚಾರ ಮುಂದಿಟ್ಟಿದ್ದರು. ಪ್ರೋಗ್ರಾಮಿನ ಜೀವ ಅದರ ಸಾಲುಗಳಲ್ಲಿಲ್ಲ, ಅದನ್ನು ಕಟ್ಟಿದವರ ತಿಳಿವಳಿಕೆಯಲ್ಲಿದೆ. ಅವರು ಚದುರಿದರೆ ಪ್ರೋಗ್ರಾಮ್ ಸತ್ತಂತೆ. ನಾನು ಅದಕ್ಕೆ ಒಂದು ಸೇರಿಸುತ್ತೇನೆ. ಆ ತಿಳಿವಳಿಕೆಯಲ್ಲಿ ಕಟ್ಟಿದವರ ಪಾಲು ಅರ್ಧ. ಉಳಿದರ್ಧ ಅದರ ಕೆಳಗೆ ಬದುಕುವವರಲ್ಲಿದೆ. ಕೆಂಪು ದೀಪದ ಬಗ್ಗೆ ಅಜ್ಜಿಗೆ ಗೊತ್ತಿರುವುದು ಅದನ್ನು ಬರೆದವರಿಗೆ ಗೊತ್ತಿಲ್ಲ.

2025ರ ಆಗಸ್ಟಿನಲ್ಲಿ ಬೆಂಗಳೂರಿನ ಮೆಟ್ರೋ ಹಳದಿ ಮಾರ್ಗ ತೆರೆಯಿತು. ಅದರ ರೈಲುಗಳು ಚಾಲಕರಿಲ್ಲದೆ ಓಡಬಲ್ಲವು. ಅಂಥ ರೈಲು ಹತ್ತುವಾಗ ನಾವು ಯಾರಿಗೂ ಏನೂ ಕೇಳದೆ ಒಂದು ಮಾತನ್ನು ನಂಬುತ್ತೇವೆ: ಬಾಗಿಲು ಮುಚ್ಚುವವರೆಗೆ ಇದು ಹೊರಡುವುದಿಲ್ಲ. ಆ ಮಾತು ಎಲ್ಲೋ ಬರೆದಿದೆ, ಯಾರೋ ಅದಕ್ಕೆ ಹೊಣೆ ಹೊತ್ತಿದ್ದಾರೆ. ವೇಳಾಪಟ್ಟಿ ಬದಲಾಗಲಿ, ಟಿಕೆಟ್ ದರ ಬದಲಾಗಲಿ, ಪ್ರಯಾಣಿಕರ ದೂರಿನಿಂದ ಕೈಹಿಡಿಕೆಯ ಎತ್ತರ ಬದಲಾಗಲಿ, ಆ ಮಾತು ಬದಲಾಗದು. ರೇಷನ್ ಅಂಗಡಿ, ಪಿಂಚಣಿ, ವಿದ್ಯಾರ್ಥಿವೇತನ, ಆಸ್ಪತ್ರೆಯ ಟೋಕನ್ನು ಎಲ್ಲವೂ ಈಗ ಸಾಫ್ಟ್‌ವೇರಿನ ಮೂಲಕವೇ ನಮಗೆ ತಲುಪುತ್ತಿವೆ. ಅಲ್ಲೆಲ್ಲ ಬದಲಾಗಬಾರದ ಮಾತು ಯಾವುದೆಂದು ಕೇಳುವ ಹಕ್ಕು ನಮಗಿದೆ. ಹಾಗೆ ಕೇಳಲು ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಆ ವಾಕ್ಯವನ್ನು ಕನ್ನಡದಲ್ಲೇ ಬರೆಯಬಹುದು, ಗಣಿತಕ್ಕೆ ತಿರುಗಿಸುವ ಕೆಲಸಕ್ಕೆ ನನ್ನಂಥವರು ಇದ್ದೇವೆ.